ನಜ್ಮಿಯೆ ಅರ್ಜಿ ಹಾಕಿರಲಿಲ್ಲ

ಪ್ಲೋವ್ಡಿವ್, ಬಲ್ಗೇರಿಯ
14 ಅಕ್ಟೋಬರ್ 1991

ಮಾನ್ಯ ಶ್ರೀಮತಿ ಶೆರಿಫೆಯವರಿಗೆ,

ನನ್ನ ನೆನಪು ನಿಮಗಿದೆಯೋ ಇಲ್ಲವೋ. ನಾನು ಗೆರ್ಗಾನಾ. ತಂಬಾಕಿನ ಗೋದಾಮಿನಲ್ಲಿ ನಿಮ್ಮ ಪಕ್ಕದಲ್ಲಿ ಕೂತು ಎಲೆ ವಿಂಗಡಿಸುತ್ತಿದ್ದ ದೋಂಕಾಳ ಮಗಳು. ಚಿಕ್ಕವಳಿದ್ದಾಗ ನಿಮ್ಮ ಅಂಗಳದ ಹಿಪ್ಪುನೇರಳೆ ಮರದಿಂದ ಬಿದ್ದು ಹಲ್ಲು ಮುರಿದುಕೊಂಡವಳು. ಈಗ ಇಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ.

ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಹಳೆಯ ಪಠ್ಯಪುಸ್ತಕ ಹಿಂದಕ್ಕೆ ಹೋಗಿದೆ, ಹೊಸದು ಇನ್ನೂ ಬಂದಿಲ್ಲ. ಹೀಗಾಗಿ ಏನು ಕಲಿಸಬೇಕು ಎಂದು ಈ ವರ್ಷ ನನಗೆ ಹೇಳುವವರಿಲ್ಲ. ಇಂಥ ವರ್ಷ ಮತ್ತೆ ಸಿಗುವುದಿಲ್ಲ ಎಂದುಕೊಂಡು, ಕೊನೆಯ ತರಗತಿಯವರಿಗೆ ನಮ್ಮ ಊರಿನದೇ ಇತಿಹಾಸ ಹೇಳಲು ಹೊರಟಿದ್ದೇನೆ: ಐವತ್ಮೂರರ ಮೇ ತಿಂಗಳಲ್ಲಿ ನೀವೆಲ್ಲ ಗೋದಾಮಿನ ಗೇಟು ಹಾಕಿಕೊಂಡು ಒಳಗೆ ಕೂತ ಮುಷ್ಕರದ ಕಥೆ. ನನ್ನ ವಿದ್ಯಾರ್ಥಿಗಳು ದಿನಾ ಅದೇ ಗೋಡೆಗೆ ಒರಗಿ ಟ್ರಾಲಿಬಸ್ಸಿಗೆ ಕಾಯುತ್ತಾರೆ. ಆ ಗೋಡೆಗೆ ಗುಂಡು ಬಿದ್ದಿತ್ತು ಎಂದರೆ ನಗುತ್ತಾರೆ. ಎಲ್ಲೂ ಬರೆದಿಲ್ಲ, ಯಾರೂ ಹೇಳಿಲ್ಲ. ನಗದೆ ಇನ್ನೇನು ಮಾಡಿಯಾರು?

ಅಮ್ಮನನ್ನು ಕೇಳಿದೆ. "ಆಗಿಹೋದ ಕಥೆ, ಬಿಡು" ಎಂದು ಎದ್ದುಹೋದಳು. ಪಿಂಚಣಿ ಕಚೇರಿಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಆ ದಿನ ನೀವು ಕಂಡದ್ದನ್ನು ಬರೆದು ಕಳಿಸುತ್ತೀರಾ? ಮಕ್ಕಳಿಗೆ ಓದಿ ಹೇಳುತ್ತೇನೆ.

ಗೌರವಗಳೊಂದಿಗೆ,
ಗೆರ್ಗಾನಾ ಪಂಚೇವಾ


ಬುರ್ಸಾ, ತುರ್ಕಿ
5 ನವೆಂಬರ್ 1991

ಟೀಚರಮ್ಮ,

ನಿಮ್ಮ ಕಾಗದ ನನಗೆ ಮುಟ್ಟುವ ಮೊದಲು ಇಡೀ ಕಟ್ಟಡಕ್ಕೆ ಮುಟ್ಟಿತು. ಅಂಚೆಯವನು ಕೆಳಗೆ ನಿಂತು "ಸ್ತೆಫ್ಕಾ ಯಾರ್ರೀ? ಇಲ್ಲಿ ಸ್ತೆಫ್ಕಾ ಅಂತ ಯಾರಿದಾರೆ?" ಎಂದು ಅರಚಿದ. ಎರಡನೇ ಮಹಡಿಯವಳು ಕಿಟಕಿಯಿಂದ ತಲೆ ಹಾಕಿ, "ಇಲ್ಲಿ ಕ್ರೈಸ್ತರ್ಯಾರೂ ಇಲ್ಲಪ್ಪಾ, ಮುಂದಿನ ಬೀದೀಲಿ ಕೇಳು" ಎಂದಳು. ನನ್ನ ಕೈಯೆಲ್ಲ ಹಿಟ್ಟಾಗಿತ್ತು. ಹಾಗೇ ಇಳಿದು ಹೋಗಿ, ಅಷ್ಟೂ ಜನರ ಎದುರಿಗೆ "ನನ್ನದೇ, ಕೊಡು" ಎಂದೆ.

ಲಕೋಟೆಯ ಮೇಲೆ ಸ್ತೆಫ್ಕಾ, ಒಳಗೆ ಶೆರಿಫೆ. ಹೊರಗಿನದು ಸರ್ಕಾರಕ್ಕೆ, ಒಳಗಿನದು ನನಗೆ. ನಿಮ್ಮ ಊರಿನವರು ಬದುಕಿದ್ದೇ ಹಾಗೆ, ಬಿಡಿ. ನಮ್ಮಂಥ ತುರ್ಕಿಯವರಿಗೆಲ್ಲ ಬಲ್ಗೇರಿಯದ ಹೆಸರಿಡಲು ಸರ್ಕಾರ ಹೊರಟಾಗ, ಆ ಹೆಸರನ್ನು ಎಂಬತ್ತೈದರ ಜನವರಿಯಲ್ಲಿ ನನಗೆ ಬಂದೂಕು ತೋರಿಸಿ ಕೊಟ್ಟರು. ಶೆರಿಫೆ ಎನ್ನುವವಳು ಇನ್ನು ಮುಂದೆ ಸ್ತೆಫ್ಕಾ, ಹಿಂದೆಯೂ ಸ್ತೆಫ್ಕಾ ಆಗಿದ್ದವಳೇ ಎಂದು ಬರೆಸಿಕೊಂಡರು. ನಾಲ್ಕು ವರ್ಷದ ಮೇಲೆ ಗಡಿ ತೆರೆದು ಹೊರದಬ್ಬಿದರು. ಪತ್ರಿಕೆಗಳಲ್ಲಿ ಅದನ್ನು 'ಪ್ರವಾಸ' ಎಂದು ಬರೆದರು. ನಾನು ಪ್ರವಾಸಕ್ಕೆ ಹೊಲಿಗೆ ಯಂತ್ರ ಹೊತ್ತುಕೊಂಡು ಬಂದವಳು. ಅಲ್ಲಿ ತುರ್ಕಿಯವಳು ಎನ್ನಿಸಿಕೊಂಡೆ, ಇಲ್ಲಿ ಬಲ್ಗೇರಿಯದವಳು ಎನ್ನಿಸಿಕೊಳ್ಳುತ್ತಿದ್ದೇನೆ.

ಈಗ ಮಕ್ಕಳಿಗೆ ಹೇಳಲು ಕಥೆ ಬೇಕೇ? ನಿಮ್ಮ ಅಮ್ಮನಿಗೆ ಬಾಯಿಲ್ಲವೇ?

ಶೆರಿಫೆ


ಪ್ಲೋವ್ಡಿವ್
2 ಡಿಸೆಂಬರ್ 1991

ಶೆರಿಫೆ ಚಿಕ್ಕಮ್ಮ,

ಹಾಗೇ ಕರೆಯುತ್ತಿದ್ದೆ ನಿಮ್ಮನ್ನು. ಮತ್ತೆ ಹಾಗೆ ಕರೆಯಲು ನನಗೆ ಹಕ್ಕಿದೆಯೋ ಇಲ್ಲವೋ, ಆದರೆ 'ಶ್ರೀಮತಿ' ಎಂದು ಬರೆಯಲು ಇನ್ನು ಕೈ ಬರುವುದಿಲ್ಲ. ಪಿಂಚಣಿ ಕಚೇರಿಯ ಕಡತದಲ್ಲಿ ಸ್ತೆಫ್ಕಾ ಎಂದೇ ಇತ್ತು, ಕಾಗದ ತಲುಪದೆ ಹೋದೀತು ಎಂದು ಹೆದರಿ ಆ ಹೆಸರು ಬರೆದೆ. ಅದು ಎಂಥ ಹೆದರಿಕೆ ಎಂದು ಬರೆಯುವಾಗ ಯೋಚಿಸಲಿಲ್ಲ. ಕ್ಷಮಿಸಿ.

ಕೇಳಿದ್ದು ಕಥೆಗಾಗಿ ಅಲ್ಲ. ಕಳೆದ ವಾರ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮುಷ್ಕರದಲ್ಲಿ ಬಲ್ಗೇರಿಯನ್ನರು, ತುರ್ಕಿಯವರು, ಆರ್ಮೇನಿಯದವರು, ಜಿಪ್ಸಿ ಎನ್ನಿಸಿಕೊಳ್ಳುವ ರೋಮಾಗಳು ಎಲ್ಲರೂ ಇದ್ದರು ಎಂದೆ. ಹಿಂದಿನ ಬೆಂಚಿನ ಲ್ಯೂಬೆನ್ ಕೈ ಎತ್ತಿದ. ಬುದ್ಧಿವಂತ ಹುಡುಗ, ನಾಲಿಗೆ ಉದ್ದ.

"ಕಾಮ್ರೇಡ್... ಅಲ್ಲ, ಮೇಡಂ," ಎಂದ. ಎಲ್ಲರೂ ನಕ್ಕರು, ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. "ತುರ್ಕಿಯವರು ಅಲ್ಲೇನ್ ಮಾಡ್ತಿದ್ರು? ಅವರಿಗೆ ಹೇಗೂ ಬೇರೆ ದೇಶ ಇದೆಯಲ್ಲ!"

ಬಿಲ್ಯಾನಾ ಎಂಬ ಹುಡುಗಿ ತಿರುಗಿ, "ನಿಮ್ಮಪ್ಪ ಜರ್ಮನಿಗೆ ಹೋಗೋಕೆ ವೀಸಾ ಕ್ಯೂನಲ್ಲಿ ನಿಂತಿದಾರಲ್ಲ ಲ್ಯೂಬೆನ್, ಹಾಗಾದ್ರೆ ನಿಂಗೂ ಬೇರೆ ದೇಶ ಇದೆ. ಎದ್ದು ಹೋಗು" ಎಂದಳು.

ಅವನು ಅವಳ ಪುಸ್ತಕ ಎಸೆದ. ಇಬ್ಬರನ್ನೂ ಹೊರಗೆ ನಿಲ್ಲಿಸಿದೆ. ಆದರೆ ಲ್ಯೂಬೆನ್ ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಮ್ಮ ಹತ್ತಿರ ಇದೆ.

ಗೆರ್ಗಾನಾ


ಬುರ್ಸಾ
9 ಜನವರಿ 1992

ಗೆರ್ಗಾನಾ,

ಆ ಲ್ಯೂಬೆನ್‌ಗೆ ಹೇಳು. ತುರ್ಕಿಯ ಹೆಂಗಸರು ಅಲ್ಲಿ ತಂಬಾಕು ವಿಂಗಡಿಸುತ್ತಿದ್ದರು. ಅವನ ಅಜ್ಜ ಸೇದಿದ ಸಿಗರೇಟು ಯಾರ ಕೈ ದಾಟಿ ಬಂತು ಅಂದುಕೊಂಡಿದ್ದಾನೆ? ನನ್ನ ಅಪ್ಪ, ಅವನ ಅಪ್ಪ, ಎಲ್ಲ ಫಿಲಿಬೆಯಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ನಿಮಗದು ಪ್ಲೋವ್ಡಿವ್, ನಮ್ಮ ಬಾಯಿಗೆ ಫಿಲಿಬೆ. ನದಿ ಒಂದೇ.

ಬರೆಯುತ್ತೇನೆ. ನಿನಗಾಗಿ ಅಲ್ಲ, ನಜ್ಮಿಯೆಗಾಗಿ.

ನಜ್ಮಿಯೆ ನನ್ನ ತಂಗಿ. ನೀನು ಹುಟ್ಟುವ ಮೊದಲೇ ಸತ್ತವಳು, ನೀನು ಕಂಡಿಲ್ಲ. ಇಡೀ ಗೋದಾಮಿನಲ್ಲಿ ಅವಳಷ್ಟು ಬೇಗ ಎಲೆ ಜೋಡಿಸುವವರಿರಲಿಲ್ಲ, ಅವಳಷ್ಟು ಮಾತಾಡುವವರೂ ಇರಲಿಲ್ಲ. ಆ ವಸಂತದಲ್ಲಿ ಹೊಸ ಪದ್ಧತಿ ತಂದರು. ಎಲೆಯನ್ನು ಒಂದೊಂದಾಗಿ ನೋಡಬೇಕಿಲ್ಲ, ರಾಶಿ ಹಾಕಿ ಒತ್ತಿದರೆ ಸಾಕು. ಅಂದರೆ ನಮ್ಮಲ್ಲಿ ಅರ್ಧ ಜನ ಬೇಡ. ಉಳಿದವರಿಗೂ ವರ್ಷದಲ್ಲಿ ಕೆಲವೇ ತಿಂಗಳು ಕೂಲಿ. ಗೋಡೆಯ ಮೇಲೆ 'ಇದು ಕಾರ್ಮಿಕರ ರಾಜ್ಯ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ನಜ್ಮಿಯೆ ಬೆಂಚಿನ ಮೇಲೆ ಹತ್ತಿ ಓದು ಬಾರದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿದಳು. "ನಮ್ದೇ ರಾಜ್ಯವಂತೆ ಕಣ್ರೇ! ಹಾಗಾದ್ರೆ ರಾಣೀರೆಲ್ಲ ಏಳ್ರೇ, ಗೇಟ್ ಹಾಕ್ರೇ!"

ಗೇಟಿಗೆ ಅಗುಳಿ ಹಾಕಿದ ಕೈ ನಿನ್ನ ಅಮ್ಮನದು.

ಕೂತೆವು. ಗೋಡೆಯ ಆಚೆಯಿಂದ ಊರಿಗೆ ಊರೇ ನಮಗೆ ಅನ್ನ ಹಾಕಿತು. ಆರ್ಮೇನಿಯದ ಬೇಕರಿಯವನು ಬಿಸಿ ರೊಟ್ಟಿಯನ್ನು ಚೀಲದಲ್ಲಿ ಕಟ್ಟಿ ಎಸೆದ. ರೋಮಾ ಹೆಂಗಸರು ಹೊರಗೆ ಕೂತು, ಕಾವಲಿಗೆ ಬಂದ ಪೊಲೀಸರ ಅಮ್ಮಂದಿರ ಹೆಸರು ಹಿಡಿದು ಬೈದರು. ನಮ್ಮ ಗಂಡಂದಿರು ಮೊದಲು "ಮನೆಗೆ ಬನ್ರೇ, ಮಕ್ಕಳು ಅಳ್ತಿದಾವೆ" ಎಂದು ಕೂಗಿದರು. ಆಮೇಲೆ ಅವರೂ ಬೀದಿಯಲ್ಲೇ ಕೂತರು. ಅವತ್ತು ನಾನು ಯಾರು, ಪಕ್ಕದವಳು ಯಾರು ಎಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸರು ಗೇಟು ಮುರಿದು ಬಂದರು. ನಜ್ಮಿಯೆ ಮುಂದೆ ನಿಂತು ಬೈಯುತ್ತಿದ್ದಳು. ಆ ಬೈಗುಳ ಮುಗಿಯಲೇ ಇಲ್ಲ. ಅರ್ಧ ಬಾಯಲ್ಲೇ ಉಳಿಯಿತು, ಅವಳು ಬಿದ್ದಳು. ನಾನು ತೋಳು ಹಿಡಿದೆ, ದೋಂಕಾ ಕಾಲು ಹಿಡಿದಳು. ಗುಂಡು ಹಾರುತ್ತಲೇ ಇತ್ತು. ದೋಂಕಾ ಬಿಟ್ಟು ಓಡಬಹುದಿತ್ತು. ಓಡಲಿಲ್ಲ.

ಇಷ್ಟು ಓದಿ ನಿನ್ನ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಟ್ಟಲು ಬಿಡಬೇಡ, ಇನ್ನೂ ಇದೆ.

ಎಂಬತ್ತೈದರ ಜನವರಿ. ಹಾಡುಹಗಲು. ನಮ್ಮ ಬೀದಿಯ ಎರಡೂ ತುದಿಗೆ ಲಾರಿ ನಿಲ್ಲಿಸಿ, ಮನೆಮನೆಗೆ ಬಂದು ಹೆಸರು ಬದಲಾಯಿಸಿಕೊಳ್ಳಲು ಎಳೆದುಕೊಂಡು ಹೋಗುತ್ತಿದ್ದರು. ನಾನು ಹಿತ್ತಿಲ ಬೇಲಿ ಹಾರಿ ನಿಮ್ಮ ಮನೆಗೆ ಓಡಿದೆ. ಬಾಗಿಲು ತಟ್ಟಿದೆ. "ದೋಂಕಾ, ನಾನು ಕಣೇ" ಎಂದೆ. ಪರದೆ ಅಲುಗಿತು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು. ಬಾಗಿಲು ತೆಗೆಯಲಿಲ್ಲ. ಸಿಪಾಯಿ ಬಂದು ಜಡೆ ಹಿಡಿದ. ಬೀದಿಯ ಎಲ್ಲ ಪರದೆಗಳ ಹಿಂದೆಯೂ ಜನರಿದ್ದರು. ರೊಟ್ಟಿ ಎಸೆದಿದ್ದ ಅದೇ ಊರು.

ಅದೇ ದೋಂಕಾ, ಅದೇ ಎರಡು ಕೈ. ಇದನ್ನು ಕಲಿಸುತ್ತೀಯಾ? ಧೈರ್ಯ ಇದ್ದರೆ ಕಲಿಸು.

ಶೆರಿಫೆ


ಪ್ಲೋವ್ಡಿವ್
17 ಫೆಬ್ರವರಿ 1992

ಶೆರಿಫೆ ಚಿಕ್ಕಮ್ಮ,

ನಿಮ್ಮ ಕಾಗದವನ್ನು ಓದಿ ಮಡಚಿಟ್ಟು ಅಡುಗೆಮನೆಗೆ ಹೋದೆ. ಅಮ್ಮ ಲೀಕ್ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮಾ, ಶೆರಿಫೆ ಚಿಕ್ಕಮ್ಮ ಬಾಗಿಲು ತಟ್ಟಿದಾಗ ನೀನು ಮನೇಲಿದ್ದೆಯಾ?"

"ಇದ್ದೆ."

"ಕೇಳಿಸ್ತಾ?"

"ನಾನೇನು ಕಿವುಡೀನಾ?"

"ಮತ್ತೆ?"

"ಮತ್ತೇನು ಮತ್ತೆ!" ಚಾಕುವನ್ನು ಹಲಗೆಗೆ ಕುಕ್ಕಿದಳು. "ಆ ವರ್ಷ ತಾನೇ ನಿಂಗೆ ಕಾರ್ಲೊವೊ ಸ್ಕೂಲಲ್ಲಿ ಕೆಲಸ ಆಗಿತ್ತು. ನಾನು ಬಾಗಿಲು ತೆಗ್ದಿದ್ರೆ ನೀನಿವತ್ತು ಸಂತೇಲಿ ಮೆಣಸಿನಕಾಯಿ ಮಾರ್ತಾ ಇರ್ತಿದ್ದೆ. ಇತಿಹಾಸ ಕಲಿಸ್ತಾಳಂತೆ, ಇತಿಹಾಸ! ನೀನು ಕೂತು ಕಲಿಸೋ ಕುರ್ಚಿ ಎಲ್ಲಿಂದ ಬಂತು ಅಂದ್ಕೊಂಡೆ?"

ಚಿಕ್ಕಮ್ಮ, ನಿಮ್ಮನ್ನು ಹೊರಗೆ ಬಿಟ್ಟದ್ದು ನನಗಾಗಿ ಎಂದು ನನ್ನ ತಲೆಗೇ ಕಟ್ಟಿದಳಲ್ಲ! ನಾನು ಕೇಳಿದ್ದೆನೇ? ನನ್ನನ್ನು ಒಂದು ಮಾತು ಕೇಳಿದ್ದಳೇ? ಅವತ್ತಿನಿಂದ ಒಂದೇ ಮನೆಯಲ್ಲಿದ್ದೂ ನಾವು ಉಪ್ಪು, ಸೌದೆ ಇಂಥ ಮಾತು ಬಿಟ್ಟು ಬೇರೆ ಆಡುತ್ತಿಲ್ಲ.

ನಿಮ್ಮ ಪತ್ರವನ್ನು ತರಗತಿಯಲ್ಲಿ ಪೂರ್ತಿ ಓದಿದೆ. ದೋಂಕಾ ನನ್ನ ಅಮ್ಮ ಎನ್ನುವುದನ್ನೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇನ್ನೊಂದು ವಿಷಯ. ಮೇ ನಾಲ್ಕಕ್ಕೆ ಗೋದಾಮಿನ ಗೋಡೆಗೆ ಅಮೃತಶಿಲೆಯ ಫಲಕ ಹಾಕುತ್ತಾರೆ. ಅದಕ್ಕೊಂದು ಸ್ಮಾರಕ ಸಮಿತಿ ಹುಟ್ಟಿಕೊಂಡಿದೆ, ಎಲ್ಲ ಟೈ ಕಟ್ಟಿದ ಗಂಡಸರೇ. ಸತ್ತವರ ಹೆಸರಿನ ಕರಡು ನೋಡಿದೆ. ನಜ್ಮಿಯೆಯ ಹೆಸರು ಇರಲಿಲ್ಲ. ಅವಳ ಜಾಗದಲ್ಲಿ 'ನಾದೆಝ್ದಾ ಅಸೇನೋವಾ' ಎಂದಿತ್ತು.

ನೋಂದಣಿ ಕಚೇರಿಗೆ ಓಡಿದೆ. ಎಂಬತ್ತೈದರಲ್ಲಿ ನಿಮ್ಮ ಹೆಸರಿನ ಜೊತೆ ಗೋರಿಯಲ್ಲಿದ್ದವರ ಹೆಸರನ್ನೂ ಬದಲಾಯಿಸಿದ್ದರಂತೆ. ಅಲ್ಲಿಯ ಗುಮಾಸ್ತೆ ಉಗುರು ನೋಡಿಕೊಳ್ಳುತ್ತಾ, "ಮೇಡಂ, ರಿಜಿಸ್ಟರಲ್ಲಿ ನಾದೆಝ್ದಾ ಅಂತಿದೆ. ನಜ್ಮಿಯೆ ಅನ್ನೋರು ನಮ್ಮ ಪ್ರಕಾರ ಹುಟ್ಟೇ ಇಲ್ಲ" ಎಂದಳು.

"ಸತ್ತು ಮೂವತ್ತು ವರ್ಷ ದಾಟಿದ ಮೇಲೆ ಬದಲಾಯಿಸಿದ್ರಲ್ಲ, ಆಗ ಯಾರ ಅರ್ಜಿ ತಗೊಂಡಿದ್ರಿ?"

"ಅದು ಆವಾಗ. ಈಗ ಕಾನೂನು ಅಂತ ಒಂದಿದೆ. ರಕ್ತಸಂಬಂಧಿಗಳು ಅರ್ಜಿ ಹಾಕ್ಲಿ, ನೋಡೋಣ."

ಚಿಕ್ಕಮ್ಮ, ಬದುಕಿರುವ ರಕ್ತಸಂಬಂಧಿ ನೀವೊಬ್ಬರೇ. ಅರ್ಜಿಯ ನಮೂನೆ ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಸಹಿ ಮಾಡಿ ಕಳಿಸಿ. ಕಲ್ಲು ಕೆತ್ತುವ ಮೊದಲೇ ಆಗಬೇಕು.

ಗೆರ್ಗಾನಾ


ಬುರ್ಸಾ
10 ಮಾರ್ಚ್ 1992

ಗೆರ್ಗಾನಾ,

ನಮೂನೆ ವಾಪಸ್ ಕಳಿಸುತ್ತಿದ್ದೇನೆ. ಖಾಲಿ.

ನಾದೆಝ್ದಾ ಆಗಬೇಕು ಎಂದು ನಜ್ಮಿಯೆ ಅರ್ಜಿ ಹಾಕಿದ್ದಳೇ? ಗೋರಿಯಿಂದ ಎದ್ದು ಬಂದು ಸಹಿ ಮಾಡಿದ್ದಳೇ? ಕದಿಯುವಾಗ ಯಾರನ್ನೂ ಕೇಳಲಿಲ್ಲ, ಈಗ ಕದ್ದ ಮಾಲು ವಾಪಸ್ ಬೇಕಾದರೆ ಮಾಲಿನವಳೇ ಕೈಮುಗಿದು ಬೇಡಬೇಕು. 'ಕೆಳಗೆ ಸಹಿ ಮಾಡಿರುವ ನಾನು, ದಯಾಪರರಾದ ತಮ್ಮಲ್ಲಿ ವಿನಂತಿಸುವುದೇನೆಂದರೆ.' ನನ್ನ ತಂಗಿಯನ್ನು ನನ್ನ ತಂಗಿ ಎನ್ನಲು ದಯಾಪರರ ಅಪ್ಪಣೆ ಬೇಕೇ? ಒಮ್ಮೆ ಅಂಥ ಕಾಗದಕ್ಕೆ ಸಹಿ ಮಾಡಿದ್ದೇನೆ, ಕತ್ತಿನ ಹಿಂದೆ ಬಂದೂಕಿತ್ತು. ಈಗ ಬಂದೂಕಿಲ್ಲ. ಹಾಗಾಗಿ ಮಾಡುವುದಿಲ್ಲ.

ಕಲ್ಲು ಅವರದು. ಏನು ಬೇಕಾದರೂ ಕೆತ್ತಿಕೊಳ್ಳಲಿ.

ಶೆರಿಫೆ


ಪ್ಲೋವ್ಡಿವ್
6 ಏಪ್ರಿಲ್ 1992

ಶೆರಿಫೆ ಚಿಕ್ಕಮ್ಮ,

ನಿಮ್ಮ ಮೇಲೆ ನನಗೂ ಸಿಟ್ಟು ಬಂದಿದೆ. ಮುಚ್ಚಿಟ್ಟುಕೊಂಡು ಬರೆಯಲಾರೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಸರಿಯಾದ ಮಾತು ಹೇಳಿ ನೀವು ಬುರ್ಸಾದಲ್ಲಿ ಕೂತಿರಿ, ಇಲ್ಲಿ ನಾದೆಝ್ದಾ ಕಲ್ಲಿನ ಮೇಲೆ ಕೂರುತ್ತಾಳೆ. ನಿಮ್ಮ ಸಿಟ್ಟಿಗೆ ನಜ್ಮಿಯೆ ಯಾಕೆ ದಂಡ ತೆರಬೇಕು?

ನಿಮ್ಮ ಪತ್ರ ಓದಿ ತರಗತಿಯಲ್ಲಿ ಗಲಾಟೆ ಎದ್ದಿತು. ಸಹಿ ಮಾಡಬೇಕಿತ್ತು ಎಂದು ಕೆಲವರು, ಮಾಡದ್ದೇ ಸರಿ ಎಂದು ಕೆಲವರು. ಕೊನೆಗೆ ಬಿಲ್ಯಾನಾ, "ಅವರ್ಯಾಕೆ ಕೇಳ್ಬೇಕು? ಊರು ಕೇಳ್ಲಿ. ಆ ಹೆಸರು ಗೊತ್ತಿರೋ ಅಜ್ಜಿಯರು ಇನ್ನೂ ಇದಾರಲ್ಲ" ಎಂದಳು. ಗೋದಾಮಿನಲ್ಲಿ ದುಡಿದ ಮುದುಕಿಯರ ಮನೆಮನೆಗೆ ಹೋಗಿ, 'ಸತ್ತವಳು ನಜ್ಮಿಯೆ, ನಾನು ಬಲ್ಲೆ' ಎಂದು ಬರೆಸಿಕೊಂಡು ಬರುವುದು ಎಂದಾಯಿತು.

ಹೋದರು. ಎಷ್ಟೋ ಬಾಗಿಲು ಮುಖದ ಮೇಲೇ ಮುಚ್ಚಿದವು. "ನಮ್ಗೆ ಪಿಂಚಣಿ ಬರ್ಬೇಕು ಕಣ್ರೋ, ಹೋಗ್ರೋ." "ತುರ್ಕಿಯವರ ವಿಷ್ಯ ನಮಗ್ಯಾಕೆ?" ಒಬ್ಬಾಕೆ ನಾಯಿ ಬಿಟ್ಟಳು. ಬಿಲ್ಯಾನಾ ಅಳುತ್ತಾ ಬಂದು, "ಮೇಡಂ, ಇವರೇನಾ ಆ ಹೆಂಗಸರು? ಇವರೇನಾ?" ಎಂದು ನನ್ನನ್ನೇ ಬೈದಳು.

ಲ್ಯೂಬೆನ್‌ಗೆ ಹೋಗುವ ಮನಸ್ಸಿರಲಿಲ್ಲ. ಮನೆಯಲ್ಲಿ ಅಜ್ಜಿಯ ಹತ್ತಿರ ನಗೆಯಾಡಿದನಂತೆ, "ಯಾರೋ ನಜ್ಮಿಯೆ ಅಂತೆ, ನಮ್ ಮೇಡಂಗೆ ಹುಚ್ಚು ಹಿಡಿದಿದೆ" ಎಂದು. ಅಜ್ಜಿ ಅವನ ಕೆನ್ನೆಗೆ ಬಾರಿಸಿದಳು. "ನನ್ನ ಮೊದಲ್ನೇ ದಿನ ಕೈ ಹಿಡಿದು ಎಲೆ ಕಟ್ಟೋದು ಕಲಿಸಿದ್ಲೋ ಅವಳು! ಅವಳ ಹೆಸರೆತ್ತಿ ನಗ್ತೀಯಾ?" ಮರುದಿನ ಅವನು ಅಜ್ಜಿಯ ಸಹಿ ತಂದು ನನ್ನ ಮೇಜಿನ ಮೇಲಿಟ್ಟ. ಆಮೇಲೆ ಅತಿ ಹೆಚ್ಚು ಮನೆ ಸುತ್ತಿದವನು ಅವನೇ.

ಸಹಿ ಮಾಡಿದವರು ಕೈಬೆರಳೆಣಿಕೆಯಷ್ಟು ಜನ. ಅಮ್ಮ ಮಾಡಿಲ್ಲ. ಮಕ್ಕಳು ನಮ್ಮ ಮನೆಗೂ ಬಂದಿದ್ದರು. ಅಮ್ಮ ಅವರಿಗೆ ಚೀಸ್ ತುಂಬಿದ ಬಾನಿತ್ಸಾ ತಿನ್ನಿಸಿ, ಹಾಲು ಕುಡಿಸಿ, ಖಾಲಿ ಕೈಯಲ್ಲಿ ಕಳಿಸಿದಳು.

ಮುಖ್ಯೋಪಾಧ್ಯಾಯರು ಕರೆಸಿದ್ದರು. "ಇತಿಹಾಸ ಕಲಿಸಿ ಪಂಚೇವಾ, ಇತಿಹಾಸ ಮಾಡಿಸಬೇಡಿ" ಎಂದರು. ಈ ಮಾತನ್ನು ಕನ್ನಡಿ ಮುಂದೆ ನಿಂತು ಕಲಿತು ಬಂದಂತಿತ್ತು.

ಗೆರ್ಗಾನಾ


ಪ್ಲೋವ್ಡಿವ್
5 ಮೇ 1992

ಶೆರಿಫೆ ಚಿಕ್ಕಮ್ಮ,

ನೀವು ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ನಿನ್ನೆ ನಡೆದದ್ದನ್ನು ನಿಮಗೇ ಮೊದಲು ಹೇಳಬೇಕು.

ಮಕ್ಕಳು ತಂದ ಸಹಿಗಳನ್ನು ಸಮಿತಿಯವರು ತೆಗೆದುಕೊಂಡರು. ತೆಗೆದುಕೊಂಡು ಏನು ಮಾಡಿದರು ಗೊತ್ತೇ? ಜಗಳವೇ ಬೇಡ ಎಂದು ಎಲ್ಲ ಹೆಸರುಗಳನ್ನೂ ಕಿತ್ತುಹಾಕಿದರು. ಬಟ್ಟೆ ಸರಿಸಿದಾಗ ಕಲ್ಲಿನ ಮೇಲೆ ಇದ್ದದ್ದು ಇಷ್ಟೇ: 'ಸ್ವಾತಂತ್ರ್ಯಕ್ಕಾಗಿ ಮಡಿದ ತಂಬಾಕು ಕಾರ್ಮಿಕರಿಗೆ.' ಯಾರು ಮಡಿದರು, ಯಾರು ಕೊಂದರು, ಒಂದೂ ಇಲ್ಲ. ಸಿಡಿಲು ಬಡಿದು ಸತ್ತವರಿಗೂ ಅದೇ ಕಲ್ಲು ಸಾಕು.

ಕುರ್ಚಿಗಳಲ್ಲಿ ಗಣ್ಯರು. ಗೋದಾಮಿನಲ್ಲಿ ದುಡಿದ ಮುದುಕಿಯರನ್ನು ಹಿಂದೆ ಹಗ್ಗ ಕಟ್ಟಿ ನಿಲ್ಲಿಸಿದ್ದರು. ನಾನು ಮಕ್ಕಳ ಜೊತೆ ಒಂದು ಪಕ್ಕದಲ್ಲಿದ್ದೆ. ಸಮಿತಿಯ ಅಧ್ಯಕ್ಷರು, "ಆ ಧೀರರು ನಮ್ಮ ಇವತ್ತಿನ ಪಕ್ಷದ ಕನಸನ್ನೇ ಕಂಡಿದ್ದರು" ಎನ್ನುತ್ತಿದ್ದರು. ಅಷ್ಟರಲ್ಲಿ ಯಾರೋ ಹಗ್ಗ ಎತ್ತಿ ಬಗ್ಗಿ ಈಚೆ ಬಂದರು. ಅಮ್ಮ! ಬರುತ್ತೇನೆ ಎಂದು ನನಗೆ ಹೇಳಿರಲಿಲ್ಲ. ಮನೆಯ ಏಪ್ರನ್ನಿನಲ್ಲೇ ಬಂದಿದ್ದಳು.

ಸೀದಾ ಅಧ್ಯಕ್ಷರ ಎದುರಿಗೆ ಹೋಗಿ ನಿಂತು, "ನೀನು ಯಾರ ಮಗನಯ್ಯಾ?" ಎಂದಳು.

ಅವರು ತಬ್ಬಿಬ್ಬಾಗಿ, "ಅಮ್ಮಾ, ಕಾರ್ಯಕ್ರಮ ಮುಗೀಲಿ..." ಎಂದರು.

"ನಿಮ್ಮಮ್ಮ ತಂಬಾಕು ಮುಟ್ಟಿದ್ದಳಾ? ಇಲ್ಲ ತಾನೆ? ಹಾಗಾದ್ರೆ ನಮ್ಮ ಕನಸು ನೀನು ಹೇಳ್ಬೇಡ. ನಾವು ಪಕ್ಷದ ಕನಸು ಕಾಣ್ಲಿಲ್ಲ, ಕೂಲಿ ಕೇಳಿದ್ವಿ. ಇಲ್ಲಿ ಬಿದ್ದೋಳು ನಜ್ಮಿಯೆ. ನಾನು ಅವಳ ಕಾಲು ಹಿಡ್ಕೊಂಡಿದ್ದೆ. ಬೂಟು ಕಳಚಿ ನನ್ನ ಕೈಗೆ ಬಂತು. ಅವಳ ಹೆಸರು ಬರೆಸು!"

ಅಧ್ಯಕ್ಷರು ಬ್ಯಾಂಡಿನವರಿಗೆ ಸನ್ನೆ ಮಾಡಿದರು. ಅಮ್ಮನ ದನಿ ಮುಳುಗಲಿ ಎಂದು ಕಹಳೆ, ಡೋಲು ಎಲ್ಲ ಒಟ್ಟಿಗೆ ಬಾರಿಸಿದರು. ಅಮ್ಮ ಇನ್ನೂ ಗಟ್ಟಿಯಾಗಿ ಕೂಗಿದಳು, "ನಜ್ಮಿಯೆ!" ಹಗ್ಗದ ಹಿಂದಿನಿಂದ ಲ್ಯೂಬೆನ್‌ನ ಅಜ್ಜಿ ಕೂಗಿದಳು. ಆಮೇಲೆ, ಚಿಕ್ಕಮ್ಮ, ನಮ್ಮ ಮಕ್ಕಳ ಮುಖದ ಮೇಲೆ ಬಾಗಿಲು ಹಾಕಿದ್ದ ಮುದುಕಿಯರೂ ಕೂಗಿದರು. ನಾಯಿ ಬಿಟ್ಟವಳು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ಬೇರೆ ಹೆಸರುಗಳೂ ಬಂದವು, ಹೋದವರ ಹೆಸರೆಲ್ಲ. ಕಹಳೆಯವನಿಗೆ ದಮ್ಮು ಕಟ್ಟಿತು. ಗಣ್ಯರು ಕಾರು ಹತ್ತಿದರು.

ಲ್ಯೂಬೆನ್ ಮತ್ತು ಬಿಲ್ಯಾನಾ ಕಲ್ಲಿನ ಕೆಳಗೆ ಇದ್ದಿಲಿನಿಂದ ನಿಮ್ಮ ತಂಗಿಯ ಹೆಸರು ಬರೆದರು. ಇವತ್ತು ಬೆಳಿಗ್ಗೆ ಅದನ್ನು ತೊಳೆದಿದ್ದರು. ಸಂಜೆಗೆ ಮತ್ತೆ ಇತ್ತು.

ಮುಂದಿನ ವರ್ಷ ನನಗೆ ಇತಿಹಾಸವಿಲ್ಲವಂತೆ. ಐದನೇ ತರಗತಿಗೆ ಭೂಗೋಳ.

ಗೆರ್ಗಾನಾ


ಬುರ್ಸಾ
25 ಮೇ 1992

ಗೆರ್ಗಾನಾ,

ಓದಿದೆ. ಬೂಟು ಕಳಚಿದ್ದು ನನಗೆ ಗೊತ್ತಿರಲಿಲ್ಲ. ನಾನು ತಲೆಯ ಕಡೆ ಇದ್ದೆ.

ದೋಂಕಾ ಕೂಗಿದಳು ಎಂದು ನಾನು ಕಣ್ಣೀರು ಸುರಿಸಿ ಎಲ್ಲ ಮರೆತೆ ಎಂದು ಬರೆಯುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ಕಣ್ಣೀರು ಬಂತು, ಮರೆಯಲಿಲ್ಲ. ಅವಳಿಗೆ ಈ ಮಾತು ಹೇಳು: ಸತ್ತ ತಂಗಿಗಾಗಿ ಊರೆದುರು ಕೂಗಿದೆ, ಸಂತೋಷ. ಬದುಕಿದ್ದ ಅಕ್ಕ ಬಾಗಿಲಿಗೆ ಬಂದಾಗ ಎಲ್ಲಿ ಹೋಗಿತ್ತು ಈ ದನಿ? ಸತ್ತವರು ಒಳಗೆ ಬಂದು ಅಡಗಿಕೊಳ್ಳುವುದಿಲ್ಲ, ಅವರಿಂದ ಮಗಳ ಕೆಲಸ ಹೋಗುವುದಿಲ್ಲ.

ನಿನ್ನ ಮಕ್ಕಳಿಗೆ ಇದನ್ನೂ ಓದಿ ಹೇಳು. ಭೂಗೋಳಕ್ಕೆ ಹೋಗುವ ಮೊದಲು.

ಶೆರಿಫೆ


ಪ್ಲೋವ್ಡಿವ್
14 ಜೂನ್ 1992

ಶೆರಿಫೆ ಚಿಕ್ಕಮ್ಮ,

ನಿಮ್ಮ ಕಾಗದವನ್ನು ಮೊದಲು ಅಮ್ಮನ ಕೈಗೆ ಕೊಟ್ಟೆ. ಓದಿ, ನನಗೇ ವಾಪಸ್ ಕೊಟ್ಟು, "ಮಕ್ಕಳಿಗೆ ಯಾವಾಗ ಓದ್ತೀಯಾ?" ಎಂದಳು.

ಕೊನೆಯ ಪಾಠದ ದಿನ ಬಂದು ಹಿಂದಿನ ಬೆಂಚಿನಲ್ಲಿ, ಲ್ಯೂಬೆನ್‌ನ ಪಕ್ಕದಲ್ಲಿ ಕೂತಳು. ಓದಿದೆ. ಯಾರೂ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಅಮ್ಮನೇ ಎದ್ದಳು.

"ಅವಳು ಬರ್ದಿದ್ದೆಲ್ಲ ನಿಜ. ತೆಗೀಲಿಲ್ಲ ನಾನು" ಎಂದಳು. ಕ್ಷಮೆ ಕೇಳಲಿಲ್ಲ, ಕಾರಣವನ್ನೂ ಕೊಡಲಿಲ್ಲ. ನನ್ನ ಕುರ್ಚಿಯ ಮಾತೂ ಎತ್ತಲಿಲ್ಲ.

ಬಿಲ್ಯಾನಾ ಕೇಳಿದಳು. "ಅಜ್ಜಿ, ಇವತ್ತಾದ್ರೆ ತೆಗೀತಿದ್ರಾ?"

ಅಮ್ಮ ಅವಳ ಕಡೆ ತಿರುಗಿದಳು. "ಅದು ತಟ್ಟಿದಾಗ್ಲೇ ಗೊತ್ತಾಗೋದು ಮಗಳೇ. ಯಾರೂ ತಟ್ಟದೇ ಇರೋವಾಗ ಊರೆಲ್ಲ ಬಾಗಿಲು ತೆಗ್ಯೋರೇ."

ನನಗೆ ಅವಳ ಮೇಲೆ ಸಿಟ್ಟು ಹೋಗಿಲ್ಲ. ಆದರೆ ಈ ವರ್ಷ ಆ ಕೋಣೆಯಲ್ಲಿ ನಾನು ಹೇಳಿದ್ದಕ್ಕಿಂತ ದೊಡ್ಡ ಪಾಠ ಅದು, ಒಪ್ಪಬೇಕು.

ಮನೆಗೆ ಬಂದವಳೇ ಪೆಟ್ಟಿಗೆ ಇಳಿಸಿದಳು. ಬುರ್ಸಾದ ಬಸ್ಸಿಗೆ ಟಿಕೆಟ್ ತರಿಸಿಕೊಂಡಿದ್ದಾಳೆ. ಜುಲೈ ಮೊದಲ ಭಾನುವಾರ ಮಧ್ಯಾಹ್ನ ಅಲ್ಲಿರುತ್ತಾಳೆ. "ಅವರು ಒಳಗೆ ಸೇರಿಸದಿದ್ರೆ?" ಎಂದೆ. "ಸೇರಿಸದಿದ್ರೆ ಮೆಟ್ಟಿಲ ಮೇಲೆ ಕೂತ್ಕೋತೀನಿ. ಅವಳೂ ಅವತ್ತು ಹೊರಗೇ ನಿಂತಿದ್ಲಲ್ಲ" ಎಂದಳು.

ನಾನು ನಿಮ್ಮನ್ನು ಏನೂ ಕೇಳಿಕೊಳ್ಳುತ್ತಿಲ್ಲ. ಬರುವ ದಿನ ತಿಳಿಸುತ್ತಿದ್ದೇನೆ, ಅಷ್ಟೇ.

ನಿಮ್ಮ
ಗೆರ್ಗಾನಾ


ಬುರ್ಸಾ
24 ಜೂನ್ 1992

ಗೆರ್ಗಾನಾ,

ಬರುವವಳು ಬರಲಿ. ಬೇಡ ಎಂದು ನಾನು ಬರೆಯುವುದಿಲ್ಲ, ಬಾ ಎಂದೂ ಬರೆಯುವುದಿಲ್ಲ. ತೆಗೆಯುತ್ತೇನೋ ಇಲ್ಲವೋ, ಅವಳು ತಟ್ಟಿದ ಮೇಲೆ ನನಗೂ ಗೊತ್ತಾಗುತ್ತದೆ.

ಬಸ್ ನಿಲ್ದಾಣದಿಂದ ನಮ್ಮ ಬೀದಿಗೆ ಮಿನಿಬಸ್ ಸಿಗುತ್ತದೆ. ಮಸೀದಿಯ ಹತ್ತಿರ ಇಳಿದು, ಹಸಿರು ಬಣ್ಣದ ಕಟ್ಟಡ ಯಾವುದು ಎಂದು ಕೇಳಲಿ. ಸ್ತೆಫ್ಕಾ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ.

ನಾಲ್ಕನೇ ಮಹಡಿ. ಲಿಫ್ಟು ಕೆಟ್ಟಿದೆ. ಹತ್ತಲಿ.

ಶೆರಿಫೆ